ಮತ್ತೆ ಯಾರನ್ನು ಕರೆಯಬೇಕು?

ದಂತವೈದ್ಯರ ವಿಚಾರ ಸಂಕಿರಣವೆಂದರೆ ಬೆಂಗಳೂರಿನ ದೊಡ್ಡ ಹೋಟೆಲಿನಲ್ಲೇ ಆಗಬೇಕೆಂಬ ರೂಢಿ ಮುರಿದು ನಮ್ಮನ್ನೆಲ್ಲ ಅತ್ತಿಗುಂಡಿಗೆ ಎಳೆದು ತಂದ ಸಂಘಟಕರಿಗೆ ಮೊದಲ ವಂದನೆ. ಮಂಜು ಸರಿದರೆ ಮುಳ್ಳಯ್ಯನಗಿರಿಗೆ ಹೋಗುವ ಮಾತು ಹಿಂದಿನ ಸಾಲಿನಲ್ಲಿ ನಡೆದಿರುವುದು ನನಗೂ ಕೇಳಿಸಿದೆ. ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ರೋಗಿಯ ಆರೈಕೆ, ಕ್ಲಿನಿಕ್ಕಿನ ಯಶಸ್ಸು: ಇದು ಇವತ್ತಿನ ವಿಷಯ. ಯಶಸ್ಸನ್ನು ನಾವು ಅಳೆಯುವ ರೀತಿ ನಿಮಗೆ ಗೊತ್ತು. ವಾರಕ್ಕೆ ಎಷ್ಟು ರೂಟ್ ಕೆನಾಲ್, ತಿಂಗಳಿಗೆ ಎಷ್ಟು ಇಂಪ್ಲಾಂಟ್, ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟು. ಹೋದ ವರ್ಷ ಕ್ಲೀನಿಂಗ್ ಮಾಡಿಸಿಕೊಂಡವರಲ್ಲಿ ಈ ವರ್ಷ ಎಷ್ಟು ಜನ ಮರಳಿ ಬಂದರು, ಬಂದವರ ವಸಡಿನಲ್ಲಿ ರಕ್ತ ಬರುವುದು ನಿಂತಿತ್ತೇ ಎಂದು ಕೇಳಿ ನೋಡಿ. ಹೆಚ್ಚಿನವರ ಹತ್ತಿರ ಅದರ ಲೆಕ್ಕವೇ ಇಲ್ಲ. ನಾವು ದಾರಿ ತಪ್ಪಿದ್ದು ಅಲ್ಲಿ ಎಂಬುದು ನನ್ನ ಹಳೆಯ ಹಠ. ಈ ಸಭೆಯಲ್ಲಿ ಕೆಲವರು ಇದನ್ನು ಕೇಳಿ ಕೇಳಿ ಬೇಸತ್ತಿದ್ದಾರೆ. ವರ್ಷಗಟ್ಟಲೆ ನಡೆಯಬೇಕಾದ ಕೆಲಸವನ್ನು ನಾವು ಅರ್ಧ ಗಂಟೆಯ ಸ್ಕೇಲಿಂಗ್ ಮಾಡಿಟ್ಟೆವು.

ಈ ಕೆಲಸ ಹುಟ್ಟಿದಾಗ ಹೀಗಿರಲಿಲ್ಲ. ಅಮೆರಿಕದ ಬ್ರಿಜ್‌ಪೋರ್ಟಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿ ಐರೀನ್ ನ್ಯೂಮನ್ ಅವರಿಗೆ ಹಲ್ಲು ಶುಚಿ ಮಾಡುವ ತರಬೇತಿ ಕೊಟ್ಟರು. 1913ರಲ್ಲಿ ಹೈಜೀನಿಸ್ಟರಿಗಾಗಿಯೇ ಶಾಲೆ ತೆರೆದರು. ಅಲ್ಲಿ ಕಲಿತವರು ಹೋಗಿದ್ದು ಊರಿನ ಶಾಲಾ ಮಕ್ಕಳ ಬಳಿಗೆ. ಮಕ್ಕಳ ಹಲ್ಲು ತೊಳೆದರು, ಬ್ರಷ್ ಹಿಡಿಯಲು ಕಲಿಸಿದರು, ಮತ್ತೆ ಮತ್ತೆ ಹೋಗಿ ನೋಡಿದರು. ನಮ್ಮ 1948ರ ದಂತವೈದ್ಯರ ಕಾಯ್ದೆಯಲ್ಲೂ ದಂತವೈದ್ಯರ ಜೊತೆಗೆ ಹೈಜೀನಿಸ್ಟರಿಗೆ, ಮೆಕ್ಯಾನಿಕ್‌ಗಳಿಗೆ ಜಾಗವಿತ್ತು. ಆಮೇಲೆ ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ, ಮಣಿಪಾಲದ್ದು 1965ರಲ್ಲಿ, ಮುಂದೆ ದಾವಣಗೆರೆ, ಧಾರವಾಡ, ಮಂಗಳೂರು. ಕಾಲೇಜು ಬೆಳೆದವು, ಹೈಜೀನಿಸ್ಟ್ ಮಾತ್ರ ಕಾಯ್ದೆಯ ಪುಟದಲ್ಲೇ ಉಳಿದರು.

'ಬಿಡಿಎಸ್ ಮುಗಿಸಿದ ಮಕ್ಕಳಿಗೇ ಕೆಲಸವಿಲ್ಲ, ಹೈಜೀನಿಸ್ಟ್ ಯಾಕೆ ಸಾರ್?' ಎಂದು ಕಿರಿಯ ಮಿತ್ರರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆ ಕೆಲಸ ಬಿಡಿಎಸ್ ಆದವರೇ ಮಾಡಲಿ, ನನ್ನದೇನೂ ತಕರಾರಿಲ್ಲ. ಆದರೆ ಶುಚಿಯಾದ ಬಾಯಿಯ ಮುಂದಿನ ವರ್ಷದ ಹೊಣೆ ಕ್ಲಿನಿಕ್ಕಿನಲ್ಲಿ ಒಬ್ಬರ ಹೆಸರಿನಲ್ಲಿರಬೇಕು.

ಆ ಹೊಣೆ ಯಾರದೂ ಅಲ್ಲದಿದ್ದರೆ ಏನಾಗುತ್ತದೆ? ಇಲ್ಲೇ ಒಂದು ಕಾಫಿ ತೋಟದ ಕೂಲಿ ಲೈನಿನಲ್ಲಿ ಶಿಬಿರ ನಡೆದಾಗ ಕಂಡದ್ದು ಹೇಳುತ್ತೇನೆ. ಹಣ್ಣು ಕುಯ್ಯುವ ಹೆಂಗಸು, ಐವತ್ತರ ಆಸುಪಾಸು. ಕೆಳಗಿನ ಮುಂದಿನ ಆರು ಹಲ್ಲುಗಳ ಒಳಬದಿಯಲ್ಲಿ ಗಾರೆ ಒಂದೇ ಪಟ್ಟಿಯಾಗಿ ಕೂತಿತ್ತು; ಹಲ್ಲಿಗೂ ಹಲ್ಲಿಗೂ ನಡುವಿನ ಗೆರೆಯೇ ಕಾಣದು. ಸ್ಕೇಲರ್ ತಾಗಿದಂತೆ ಅದು ಚಕ್ಕೆಚಕ್ಕೆಯಾಗಿ ಬಟ್ಟಲಿಗೆ ಬಿತ್ತು. ಬಾಯಿ ಮುಕ್ಕಳಿಸಿ ನಾಲಿಗೆ ಆಡಿಸಿ ನೋಡಿಕೊಂಡವರ ಮುಖ ಸಪ್ಪಗಾಯಿತು. 'ಡಾಕ್ಟ್ರೇ, ಸಂದಿ ಮಾಡಿಬಿಟ್ರಲ್ಲಾ. ಗಟ್ಟಿ ಇದ್ದ ಹಲ್ಲು ಅಲ್ಲಾಡ್ತೈತೆ!' ವಸಡು ಮೊದಲೇ ಕೆಳಗಿಳಿದಿತ್ತು, ಗಾರೆ ಅದನ್ನು ಮುಚ್ಚಿಟ್ಟಿತ್ತು. ಇದನ್ನು ಕೂತು ವಿವರಿಸುವವರು, ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವವರು ಇಲ್ಲದಿದ್ದರೆ ಆಕೆ ಲೈನಿಗೆ ಹೋಗಿ ಹೇಳುವುದೇನು? 'ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡಿಲಾಗ್ತದೆ.' ಆ ಲೈನಿನಿಂದ ಇನ್ನೊಬ್ಬರು ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಆರೈಕೆ ಕೆಟ್ಟಿದ್ದೂ ಅಲ್ಲೇ, ಕ್ಲಿನಿಕ್ಕು ಸೋತಿದ್ದೂ ಅಲ್ಲೇ.

ಇನ್ನು ಸಂಶೋಧನೆಯ ಮಾತು. ವಸಡು ವಿಭಾಗದ ಪ್ರಾಧ್ಯಾಪಕರು ಎದುರಿಗೇ ಇದ್ದಾರೆ, ಅವರ ಮುಂದೆ ಪಾಠ ಬೇಡ. ಹಲ್ಲುಜ್ಜುವುದನ್ನು ನಿಲ್ಲಿಸಿದರೆ ಮೂರು ವಾರದೊಳಗೆ ವಸಡು ಊದುತ್ತದೆ, ಉಜ್ಜಿದರೆ ಮತ್ತೆ ಇಳಿಯುತ್ತದೆ ಎಂದು ಹರಾಲ್ಡ್ ಲೋ 1965ರಲ್ಲೇ ತೋರಿಸಿದರು. ಸ್ವೀಡನ್ನಿನಲ್ಲಿ ಆಕ್ಸೆಲ್ಸನ್ ಮತ್ತು ಲಿಂಡೆ ಒಂದೇ ಗುಂಪಿನವರನ್ನು 30 ವರ್ಷ ಬೆನ್ನುಹತ್ತಿ ನೋಡಿ, ಅವರವರ ಅಗತ್ಯಕ್ಕೆ ತಕ್ಕ ಅಂತರದಲ್ಲಿ ಕರೆದರೆ ಹಲ್ಲು ಉಳಿಯುತ್ತವೆ ಎಂದರು. ಆದರೆ 2018ರ ಕಾಕ್ರೇನ್ ಸಮೀಕ್ಷೆ ನೋಡಿ: ತೀವ್ರ ವಸಡು ರೋಗವಿಲ್ಲದ ವಯಸ್ಕರಿಗೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ತಪ್ಪದೆ ಸ್ಕೇಲಿಂಗ್ ಮಾಡಿದರೂ ಎರಡು ಮೂರು ವರ್ಷದಲ್ಲಿ ವಸಡಿನ ಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ನಮ್ಮ ಗೋಡೆಯ ಮೇಲಿನ 'ಆರು ತಿಂಗಳಿಗೊಮ್ಮೆ' ಯಾರಿಗಾಗಿ?

ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಇದು. ಅದು ಬಂದದ್ದು ನಮ್ಮಂಥದೇ ಒಂದು ಬೆಟ್ಟದಿಂದ. ಶ್ರೀಲಂಕಾದ ಎರಡು ಚಹಾ ತೋಟಗಳಲ್ಲಿ ಇದೇ ಲೋ ಮತ್ತು ಸಂಗಡಿಗರು 1970ರಿಂದ 480 ಗಂಡಾಳುಗಳ ಬಾಯಿ ಪರೀಕ್ಷಿಸುತ್ತ ಹೋದರು. ಅವರಾರೂ ಬ್ರಷ್ ಮುಟ್ಟಿದವರಲ್ಲ, ದಂತವೈದ್ಯರನ್ನು ಕಂಡವರಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ, ಗಾರೆ. ಎಲ್ಲರ ವಸಡೂ ಊದಿತ್ತು. ಹದಿನೈದು ವರ್ಷದ ಕೊನೆಗೆ ಏನು ಕಂಡಿತು? ನೂರಕ್ಕೆ 8 ಮಂದಿಯ ರೋಗ ಓಡಿತ್ತು. ನಲವತ್ತೈದರ ಹೊತ್ತಿಗೆ ಬಾಯಿ ಬರಿದು. 81 ಮಂದಿಯದು ಮೆಲ್ಲಗೆ ನಡೆದಿತ್ತು. 11 ಮಂದಿಗೆ ಮಾತ್ರ ವಸಡು ಊದಿದ್ದಷ್ಟೇ, ರೋಗ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಅದೇ ತೋಟ, ಅದೇ ಕೆಲಸ, ಅದೇ ಗಾರೆ. ಆ ಹನ್ನೊಂದು ಮಂದಿಯನ್ನು ಕಾಪಾಡಿದ್ದು ಏನು?

ಇದನ್ನು ಈ ಭಾಗದ ಬೆಳೆಗಾರರೊಬ್ಬರಿಗೆ ಹೇಳಿದೆ. ಅವರು ಗಾಬರಿಯಾಗಲಿಲ್ಲ. 'ನಮ್ಮ ಅರೇಬಿಕಾದಲ್ಲೂ ಹಾಗೇ. ಕಾಂಡ ಕೊರೆಯೋ ಬೋರರ್ ಹುಳ ಎಲ್ಲಾ ಗಿಡಕ್ಕೂ ಹತ್ತಲ್ಲ. ಅದಕ್ಕೇ ವರ್ಷಕ್ಕೆರಡು ಸಲ ಆಳು ಬಿಟ್ಟು ಗಿಡ ಗಿಡವನ್ನೂ ಟ್ರೇಸ್ ಮಾಡಿಸ್ತೀವಿ. ಕಾಂಡದ ಮೇಲೆ ಉಬ್ಬು ಕಂಡ್ರೆ ಗುರುತು ಹಾಕ್ತಾರೆ. ನಿಮ್ಮ ರೋಗಿಗೆ ಉಬ್ಬು ಎಲ್ಲಿ ಬರುತ್ತೆ ಡಾಕ್ಟ್ರೇ?' ನಾನು ಬೀಡಿ ಎಂದೆ, ಹೊಗೆಸೊಪ್ಪು ಎಂದೆ, ಸಕ್ಕರೆ ಕಾಯಿಲೆ ಎಂದೆ, ಮನೆತನದ ಗುಣವೂ ಇರುತ್ತದೆ ಎಂದೆ. 'ಅವು ಹವಾಮಾನ ಆಯ್ತು. ಉಬ್ಬು ಯಾವುದು?' ಎಂದು ಅವರು ಬಿಡಲಿಲ್ಲ. ಎಲುಬು ಕರಗುವ ಮೊದಲೇ ಆ ಎಂಟು ಮಂದಿಯನ್ನು ಬೆರಳಿಟ್ಟು ತೋರಿಸುವ ಗುರುತು ಇವತ್ತಿಗೂ ನಮ್ಮ ಕೈಯಲ್ಲಿಲ್ಲ.

ಇಲ್ಲವೆಂದು ಕೈಕಟ್ಟಿ ಕೂರುವುದೇ? ಗುರುತು ಸಿಗಬೇಕಾದರೆ ಒಂದೇ ಬಾಯಿಯನ್ನು ವರ್ಷ ವರ್ಷ ನೋಡಿ ಬರೆದಿಟ್ಟಿರಬೇಕು. ನಮ್ಮ ಗುಡ್ಡಗಳಲ್ಲಿ ಅದು ಸುಲಭವಲ್ಲ. ಕೊಯ್ಲಿಗೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರು ಕೊಯ್ಲು ಮುಗಿದರೆ ಊರು ಸೇರುತ್ತಾರೆ. ತೋಟದ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕೆಂದು 1951ರ ಪ್ಲಾಂಟೇಶನ್ ಕಾಯ್ದೆಯೇ ಹೇಳಿತ್ತು. ಹಲ್ಲಿನ ಮಟ್ಟಿಗೆ ಆ ಸೌಲಭ್ಯ ನೋವು ಬಂದಾಗ ಕೀಳಿಸುವುದರಲ್ಲೇ ಮುಗಿಯುವುದು ಹೆಚ್ಚು. ಸರ್ಕಾರದ ದಂತಭಾಗ್ಯ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡುತ್ತದೆ, ಒಳ್ಳೆಯ ಯೋಜನೆ. ಆದರೆ ಅದು ಹಲ್ಲು ಹೋದ ಮೇಲಿನ ಮಾತು.

ನಡುವೆ ಇನ್ನೊಂದು ಮಾತು, ಅಡಿಕೆ ತೋಟವಿರುವ ಮನೆಯವರು ಬೇಸರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕೆನ್ನೆಯೊಳಗಿನ ಬಿಳಿ ಮಚ್ಚೆ ನೋಯುವುದಿಲ್ಲ, ಆದ್ದರಿಂದ ರೋಗಿ ತಾನಾಗಿ ಬರುವುದಿಲ್ಲ. ಗಾರೆ ತೆಗೆಯಲು ಮರಳಿ ಕರೆದ ದಿನವೇ ಅದು ಕಣ್ಣಿಗೆ ಬೀಳಬೇಕು. ಕರೆಯದಿದ್ದರೆ ಅದೂ ತಪ್ಪಿತು.

ಆದ್ದರಿಂದ ಈ ಸಂಕಿರಣದಿಂದ ನಾನು ಬೇಡುವುದು ದೊಡ್ಡ ನಿರ್ಣಯವನ್ನಲ್ಲ. ಬಾಯಿಯನ್ನು ಆರು ಭಾಗ ಮಾಡಿ, ತುದಿಯಲ್ಲಿ ಗುಂಡು ಇರುವ ಪ್ರೋಬ್ ಹಿಡಿದು, ಸೊನ್ನೆಯಿಂದ ನಾಲ್ಕರವರೆಗೆ ಆರು ಅಂಕಿ ಬರೆಯುವುದು ಎರಡು ನಿಮಿಷದ ಕೆಲಸ. ಪಕ್ಕದಲ್ಲಿ ಬೀಡಿ, ಎಲೆಅಡಿಕೆ, ಸಕ್ಕರೆ ಕಾಯಿಲೆ ಹೌದೋ ಅಲ್ಲವೋ. ಕೆಳಗೆ ಮುಂದಿನ ತಾರೀಖು, ಆ ತಾರೀಖು ಯಾಕೆ ಎಂಬ ಒಂದು ಸಾಲು. ಕಾರ್ಡಿನ ಒಂದು ಪ್ರತಿ ರೋಗಿಯ ಕೈಗೆ; ಅವರು ಗುವಾಹಟಿಗೆ ಹೋದರೂ ಅಂಕಿ ಅಂಕಿಯೇ. ಒಬ್ಬರಿಗೆ ಮೂರು ತಿಂಗಳು, ಇನ್ನೊಬ್ಬರಿಗೆ ಎರಡು ವರ್ಷ ಎಂದು ಬರೆಯುವ ಧೈರ್ಯ ಮಾಡಿ. 'ಎರಡು ವರ್ಷ ಬರಬೇಡಿ' ಎಂದ ಡಾಕ್ಟರನ್ನು ಜನ ನಂಬುತ್ತಾರೆ, ಮನೆಯವರನ್ನೆಲ್ಲ ಕರೆತರುತ್ತಾರೆ. ಮೂಡಿಗೆರೆ, ಕಳಸದಂಥ ಊರಿನಲ್ಲಿ ಒಂದೇ ಚೇರ್ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ಮೊದಲ ಗೋಷ್ಠಿಯವರು ಕಾರ್ಡಿನ ನಮೂನೆ ಚರ್ಚಿಸಲಿ. ಏನು ಸೇರಬೇಕು, ಏನು ಬಿಡಬೇಕು ಎಂದು ಜಗಳವಾದರೂ ಆಗಲಿ. ಆ ಹನ್ನೊಂದು ಮಂದಿಯ ಗುಟ್ಟು ಯಾರಾದರೂ ಇವತ್ತೇ ಬಿಡಿಸಿದರೆ ಕಾರ್ಡೇ ಬೇಡ, ನನ್ನ ಮಾತನ್ನೂ ಹಿಂತೆಗೆದುಕೊಳ್ಳುತ್ತೇನೆ. ಬಿಡಿಸದಿದ್ದರೆ ನಾಳೆಯಿಂದ ಬರೆಯಲು ಶುರುಮಾಡಿ.