ತಲೆ ಎಣಿಕೆ ಮತ್ತು ಬದುಕಿನ ಲೆಕ್ಕ

(ಕಟ್ಟೆಮಳಲವಾಡಿಯಲ್ಲಿ ಗ್ರಾಮಸ್ಥರ ಮುಂದೆ ಆಡಿದ ಮಾತುಗಳ ಬರಹ ರೂಪ)



ನಿಮ್ಮ ಊರಿನ ಹೆಸರಿನಲ್ಲೇ ಒಂದು ಕಟ್ಟೆ ಇದೆ, ಒಂದಿಷ್ಟು ಮಳಲೂ ಇದೆ. ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯ ನೀರು ಹತ್ತುವ ಕಡೆ ಭತ್ತ; ಹತ್ತದ ಕೆಂಪು ಮಣ್ಣಿನ ಬೆದ್ದಲಿನಲ್ಲಿ ಹೊಗೆಸೊಪ್ಪು, ಅದರ ಹಿಂದೆಯೇ ರಾಗಿ. ಹೊರಗಿನವರಿಗೆ ಈ ಊರು ಗೊತ್ತಿರುವುದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿಂದ. ಇಲ್ಲಿ ನಿಂತು ಈ ಸೀಮೆಯ ಜನಸಂಖ್ಯೆ ಮತ್ತು ಜನಜೀವನದ ಬಗ್ಗೆ ಮಾತನಾಡಬೇಕೆಂದು ಕೇಳಿದ್ದೀರಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡೋಣ. ಸರಗೂರು ಮತ್ತು ಸಾಲಿಗ್ರಾಮ ಈಗ ಬೇರೆ ತಾಲ್ಲೂಕುಗಳು. 2011ರ ಜನಗಣತಿಯ ಕಾಲಕ್ಕೆ ಅವು ಕೋಟೆ ಮತ್ತು ಕೃಷ್ಣರಾಜನಗರದೊಳಗೇ ಇದ್ದವು.

ಮೊದಲು ಅಂಕಿಗಳ ಮಾತು. 2011ರಲ್ಲಿ ಮೈಸೂರು ಜಿಲ್ಲೆಯ ಜನಸಂಖ್ಯೆ 30,01,127. ಚದರ ಕಿಲೋಮೀಟರಿಗೆ 476 ಜನ. ಸಾವಿರ ಗಂಡಸರಿಗೆ 985 ಹೆಂಗಸರು. ಅಕ್ಷರ ಬಲ್ಲವರು ನೂರಕ್ಕೆ ಸುಮಾರು 73. ಇವು ಸುಳ್ಳು ಅಂಕಿಗಳಲ್ಲ. ಆದರೆ ಸರಾಸರಿ ಎಂಬುದು ನಮ್ಮನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಜಿಲ್ಲೆಯ ನೂರು ಜನರಲ್ಲಿ 41 ಮಂದಿಗಿಂತ ಹೆಚ್ಚು ಪಟ್ಟಣವಾಸಿಗಳು, ಅವರಲ್ಲಿ ಬಹುಪಾಲು ಮೈಸೂರು ನಗರದವರು. ಒತ್ತಾಗಿ ಮನೆಗಳಿರುವ ನಗರವನ್ನೂ ಆನೆ ಅಡ್ಡಾಡುವ ಕೋಟೆಯ ಕಾಡನ್ನೂ ಕೂಡಿಸಿ ಭಾಗಿಸಿದರೆ ಸಿಗುವ 476 ಎಂಬ ಸಂಖ್ಯೆ ಯಾವ ಊರಿನ ನಿಜವೂ ಅಲ್ಲ.

ಹಾಗೆಂದು ಎಣಿಕೆಯೇ ಬೇಡವೆನ್ನಲಾಗದು. ಎಣಿಸಿದ್ದರಿಂದಲೇ ನಮಗೆ ಕೆಲವು ಸತ್ಯಗಳು ತಿಳಿದಿವೆ. ಮೈಸೂರು ಸಂಸ್ಥಾನದಲ್ಲಿ 1871ರ ಎಣಿಕೆಯಲ್ಲಿ ಸಿಕ್ಕವರು ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷದ ನಂತರ, 1881ರಲ್ಲಿ, 41 ಲಕ್ಷ 86 ಸಾವಿರ. ನಡುವೆ ಬಂದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಹುಟ್ಟಿದವರನ್ನೆಲ್ಲ ಸೇರಿಸಿದ ಮೇಲೂ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಜನ ಕಡಿಮೆ. ಕ್ಷಾಮದ ಕಥೆಯನ್ನು ಅಜ್ಜಿಯರು ಹೇಳಿದ್ದರೂ ಅದರ ಅಳತೆ ಗೊತ್ತಾದದ್ದು ಗಣತಿಯ ಪುಸ್ತಕದಿಂದ. ಆಮೇಲೆ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲುಯೆಂಜಾ ಬಂತು. ಮಲೇರಿಯಾ ಕಾಡಂಚಿನ ಹಳ್ಳಿಗಳನ್ನು ಬಿಡದೆ ಕಾಡಿತು. ಜನ ನಿಲ್ಲದೆ ಬೆಳೆಯಲು ತೊಡಗಿದ್ದು ಸಾವು ಹಿಮ್ಮೆಟ್ಟಿದ ಮೇಲೆ.

ಆದರೆ ಈ ನಾಲ್ಕು ತಾಲ್ಲೂಕುಗಳ ಜನಜೀವನವನ್ನು ಹುಟ್ಟು ಸಾವುಗಳಷ್ಟೇ ರೂಪಿಸಿಲ್ಲ. ನೀರು, ಕಾಡು ಮತ್ತು ಬೆಳೆ ಈ ಮೂರೂ ಸೇರಿ ಜನರನ್ನು ಎಬ್ಬಿಸಿವೆ, ಕೂರಿಸಿವೆ.

ಮೊದಲು ನೀರು. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ನಿಮ್ಮ ಲಕ್ಷ್ಮಣತೀರ್ಥ ಹೋಗಿ ಸೇರುವುದೂ ಆ ಜಲಾಶಯವನ್ನೇ. ಕಾವೇರಿ ದಂಡೆಯ ಎಡತೊರೆಗೆ ನೀರಿನ ಭಯ ಬಂದಾಗ ಎತ್ತರದಲ್ಲಿ ಹೊಸ ಪಟ್ಟಣ ಎದ್ದಿತು, ಅದೇ ಕೃಷ್ಣರಾಜನಗರ. ಆ ತಾಲ್ಲೂಕು ನಾಲೆಗಳ ಬಲದಿಂದ ಭತ್ತದ ಕಣಜವೆನಿಸಿತು. ಕೋಟೆಯ ಕಥೆ ಬೇರೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದಾಗ ಹಳ್ಳಿಗಳು ಮುಳುಗಿದ್ದು ಆ ತಾಲ್ಲೂಕಿನಲ್ಲಿ, ನೀರು ಬಹುಪಾಲು ಹರಿದದ್ದು ಕೆಳಗಿನ ನಂಜನಗೂಡು, ಚಾಮರಾಜನಗರದ ಕಡೆಗೆ. ಒಂದೇ ಬಗೆಯ ಕಟ್ಟೆ ಒಬ್ಬರಿಗೆ ಗದ್ದೆ ಕೊಟ್ಟಿತು, ಇನ್ನೊಬ್ಬರ ಊರನ್ನೇ ಕೊಂಡೊಯ್ದಿತು.

ಎರಡನೆಯದು ಕಾಡು. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಟಿಬೆಟಿನ ನಿರಾಶ್ರಿತರಿಗೆ ಕೊಡಲಾಯಿತು. ಹಿಮದ ನಾಡಿನವರು ಕಾಡು ಕಡಿದು ಜೋಳ ಬೆಳೆಯಲು ಕಲಿತರು. ಮುಂದೆ ಹುಣಸೂರು ಬಳಿಯ ಗುರುಪುರದಲ್ಲೂ ಅವರ ವಸತಿ ಬೆಳೆಯಿತು. ದೂರದಿಂದ ಬಂದವರಿಗೆ ನಾವು ಜಾಗ ಕೊಟ್ಟದ್ದು ಹೆಮ್ಮೆಯ ಸಂಗತಿಯೇ. ಆದರೆ ಅದಾದ ಕೆಲವೇ ವರ್ಷಗಳಲ್ಲಿ, ನಾಗರಹೊಳೆಯ ಕಾಡಿನಲ್ಲೇ ಹುಟ್ಟಿ ಬೆಳೆದ ಜೇನುಕುರುಬರು, ಬೆಟ್ಟಕುರುಬರು, ಯರವರು ಅಲ್ಲಿಂದ ಹೊರಬಿದ್ದರು. ವನ್ಯಜೀವಿ ರಕ್ಷಣೆ ಅಗತ್ಯವಲ್ಲವೆಂದು ಯಾರೂ ಹೇಳಲಾರರು. ಆದರೆ ಹೊರಬಂದವರಲ್ಲಿ ಅನೇಕರಿಗೆ ಭೂಮಿ ಸಿಗಲಿಲ್ಲ. ಜೇನು ಕೊಯ್ಯುತ್ತಿದ್ದ ಕೈಗಳು ಕೊಡಗಿನ ಕಾಫಿ ತೋಟಗಳ ಕೂಲಿಗೆ, ಇಲ್ಲಿನ ಹೊಗೆಸೊಪ್ಪಿನ ಹೊಲಗಳಿಗೆ ಬಂದವು. ಹೈಕೋರ್ಟಿನ ನಿರ್ದೇಶನದಂತೆ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ 2014ರಲ್ಲಿ ಸಲ್ಲಿಸಿದ ವರದಿ ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. 2011ರಲ್ಲಿ ಇಡೀ ರಾಜ್ಯದಲ್ಲಿ ಜೇನುಕುರುಬರ ಸಂಖ್ಯೆ ಸುಮಾರು 36 ಸಾವಿರ. ಇಷ್ಟು ಚಿಕ್ಕ ಸಮುದಾಯದಲ್ಲಿ ಒಂದು ಹಾಡಿಯ ಎಣಿಕೆ ತಪ್ಪಿದರೂ ಅದು ಸಣ್ಣ ತಪ್ಪಲ್ಲ.

ಮೂರನೆಯದು ಬೆಳೆ. ಉಳುವವನಿಗೆ ಭೂಮಿ ಎಂಬ 1974ರ ಭೂಸುಧಾರಣೆ ತಂದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಗೇಣಿದಾರ ಒಡೆಯನಾದ, ಜೀತ ಕಾನೂನುಬಾಹಿರವಾಯಿತು. ಹೀಗೆ ಸಿಕ್ಕ ತುಂಡು ಬೆದ್ದಲಿನಲ್ಲಿ ಮಳೆಯನ್ನೇ ನಂಬಿ ಕೈಗೆ ಕಾಸು ತರುವ ಬೆಳೆ ಯಾವುದು? ಈ ಸೀಮೆಯ ಉತ್ತರ ವರ್ಜೀನಿಯಾ ತಂಬಾಕು. 1984ರಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದ ಮೇಲೆ ರೈತನ ಕಣ್ಣೆದುರಿಗೇ ಬೆಲೆ ಕೂಗುವ ವ್ಯವಸ್ಥೆ ಬಂತು. ಹೆಂಚಿನ ಮನೆ, ಮಗಳ ಮದುವೆ, ಮಗನ ಕಾಲೇಜು, ಎಷ್ಟೋ ಮನೆಗಳಲ್ಲಿ ಇವೆಲ್ಲ ಹೊಗೆಸೊಪ್ಪಿನ ದುಡ್ಡಿನಲ್ಲೇ ಆದವು. ಅದನ್ನು ಮರೆತು ರೈತನಿಗೆ ಉಪದೇಶ ಮಾಡುವುದು ಸಲ್ಲದು.

ಆದರೆ ಅದರ ಖರ್ಚಿನ ಲೆಕ್ಕವನ್ನೂ ಹಾಕಬೇಕು. ಒಂದು ಕಿಲೋ ಸೊಪ್ಪು ಬ್ಯಾರನ್‌ನಲ್ಲಿ ಹದವಾಗಲು ಸುಮಾರು ನಾಲ್ಕೈದು ಕಿಲೋ ಸೌದೆ ಉರಿಯಬೇಕು. ಹಗಲೂ ರಾತ್ರಿ ಬೆಂಕಿ ಕಾಯುವವರಿಗೆ ನಿದ್ದೆಯಿಲ್ಲ. ಒದ್ದೆ ಸೊಪ್ಪು ಮುರಿಯುವವರ, ಕಟ್ಟುವವರ ಚರ್ಮದ ಮೂಲಕ ನಿಕೋಟಿನ್ ಒಳಗಿಳಿದು ತಲೆಸುತ್ತು, ವಾಂತಿ ಬರುತ್ತದೆ. ಇದು ಪಿತ್ತವಲ್ಲ, ವೈದ್ಯಶಾಸ್ತ್ರ ಗುರುತಿಸಿರುವ ಕಾಯಿಲೆ. ಇತ್ತ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿದೆ. ಅಂದರೆ ಈ ಸೀಮೆಯ ಬದುಕು ನಿಂತಿರುವುದು, ಕಡಿಮೆ ಮಾಡುತ್ತೇವೆಂದು ಸರ್ಕಾರವೇ ಮಾತು ಕೊಟ್ಟಿರುವ ಒಂದು ವಸ್ತುವಿನ ಮೇಲೆ. ಪರ್ಯಾಯ ಬೆಳೆಯ ಮಾತು ಆಡುವವರು ಮೊದಲು ಅದರ ಬೆಲೆಗೆ ಹೊಣೆಯಾಗಬೇಕು.

ಇನ್ನೊಂದು ಮಾತು. ‘ಜನ ಜಾಸ್ತಿಯಾದರು, ಅದಕ್ಕೇ ಬಡತನ’ ಎಂದು ಕೇಳುತ್ತಾ ಬೆಳೆದವರು ನಾವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು ಬೇಕಾದದ್ದು 2.1. ಎಂದರೆ ಆ ಹಳೆಯ ಭಯ ಮುಗಿದಿದೆ. ಮುಂದಿನ ಪ್ರಶ್ನೆ, ಹುಡುಗರು ಮೈಸೂರು, ಬೆಂಗಳೂರಿಗೆ ಹೋದ ಮೇಲೆ ಜಗಲಿಯ ಮೇಲೆ ಉಳಿಯುವ ಅಪ್ಪ ಅಮ್ಮಂದಿರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು.

ಇದನ್ನೆಲ್ಲ ಈಗ ಹೇಳಲು ಕಾರಣವಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. ಮುಂದಿನ ಗಣತಿಗೆ 2027ರ ಮಾರ್ಚ್ 1 ಅನ್ನು ಆಧಾರ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಪಡಿತರ, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಆಧಾರವಾಗುವುದು ಅಲ್ಲಿ ದಾಖಲಾಗುವ ಅಂಕಿ. 2011ರ ಗಣತಿಯಲ್ಲಿ ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ‘ಅಲ್ಪಾವಧಿ’ ಕೆಲಸಗಾರರ ಪಟ್ಟಿಗೆ ಹಾಕಿದರು. ಸಸಿ ನೆಡುವುದರಿಂದ ಸೊಪ್ಪು ಕಟ್ಟುವವರೆಗೆ ಬೆನ್ನು ಬಗ್ಗಿಸಿ, ಆಮೇಲೆ ರಾಗಿ ಕೊಯ್ದು, ದನ ಕರು ನೋಡಿಕೊಂಡ ಹೆಂಗಸು ಎಷ್ಟು ತಿಂಗಳು ದುಡಿದಳು? ಗಣತಿಯವರು ಬಾಗಿಲಿಗೆ ಬಂದಾಗ ಗಂಡಸರು ಸಾಮಾನ್ಯವಾಗಿ ‘ಅವಳು ಮನೇಲೇ ಇರ್ತಾಳೆ’ ಎಂದುಬಿಡುತ್ತಾರೆ. ಆ ಒಂದು ಮಾತಿನಿಂದ ಒಂದು ವರ್ಷದ ದುಡಿಮೆ ದೇಶದ ಲೆಕ್ಕದಿಂದ ಅಳಿಸಿಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಗಣತಿಯವರು ಬಂದಾಗ ಹೆಂಗಸರ ಕೆಲಸವನ್ನು ಕೆಲಸವೆಂದೇ ಬರೆಸಿ. ಅವರೇ ಮುಂದೆ ಬಂದು ಉತ್ತರ ಹೇಳಲಿ. ನಿಮ್ಮ ಹೊಲದಂಚಿನ ಹಾಡಿಗೂ ಗಣತಿಯವರು ಹೋದರೆ ಎಂದು ವಿಚಾರಿಸಿ. ಕೂಲಿಗೆಂದು ಕೊಡಗಿಗೆ ಹೋದವರ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಎಣಿಸುವುದು ಸರ್ಕಾರದ ಕೆಲಸ ನಿಜ. ಎಣಿಕೆ ಸರಿಯಾಯಿತೇ ಎಂದು ಕೇಳುವುದು ಊರಿನ ಕೆಲಸ.