ಈಸೂರಿನಲ್ಲಿ ಸತ್ತವರು ಎಷ್ಟು ಮಂದಿ?
(ಭದ್ರಾವತಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಶಿವಮೊಗ್ಗೆಯಲ್ಲಾಗಲಿ ಇಲ್ಲಿ ಭದ್ರಾವತಿಯಲ್ಲಾಗಲಿ, ಹುತಾತ್ಮರ ಮಾತು ಬಂದಾಗ ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ನೆನೆಯುತ್ತೇವೆ: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ. 1943ರ ಮಾರ್ಚಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದಕ್ಕೂ ಮೊದಲು ಆ ಊರಿನ ನೆಲದಲ್ಲಿ ಇನ್ನಿಬ್ಬರು ಸತ್ತಿದ್ದರು. ಅಮಲ್ದಾರ್ ಚನ್ನಕೃಷ್ಣಪ್ಪ, ಸಬ್‌ಇನ್ಸ್‌ಪೆಕ್ಟರ್ ಕೆಂಚೇಗೌಡ. ಇವತ್ತು ಅವರ ಮಾತನ್ನೂ ಆಡೋಣ.

1942ರ ಸೆಪ್ಟೆಂಬರಿನಲ್ಲಿ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿತು. ಕಂದಾಯ ಕೊಡುವುದಿಲ್ಲವೆಂದಿತು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿತು. ಊರಿನ ಹುಡುಗರಿಬ್ಬರನ್ನೇ ಅಮಲ್ದಾರ, ಸಬ್‌ಇನ್ಸ್‌ಪೆಕ್ಟರ್ ಎಂದು ಜನ ನೇಮಿಸಿಕೊಂಡರು. 28ನೆಯ ತಾರೀಖು ನಿಜವಾದ ಅಮಲ್ದಾರರು, ನಿಜವಾದ ಸಬ್‌ಇನ್ಸ್‌ಪೆಕ್ಟರು ಪೊಲೀಸರೊಂದಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿರೆಂದು ಜನ ಪಟ್ಟು ಹಿಡಿದರು. ಘರ್ಷಣೆಯಾಯಿತು. ಇಬ್ಬರು ಅಧಿಕಾರಿಗಳೂ ಅಲ್ಲೇ ಸತ್ತರು. ಆಮೇಲೆ ಪಡೆ ಊರಿಗೆ ನುಗ್ಗಿತು. ಮನೆಗಳು ಸೂರೆಹೋದವು, ಜನ ಕಾಡು ಸೇರಿದರು.

ಲೆಕ್ಕ ಹಾಕಿ. ಸತ್ತವರು ಏಳು ಮಂದಿ. ಏಳೂ ಮಂದಿ ಮೈಸೂರು ಸೀಮೆಯವರೇ. ಕಂದಾಯದ ಹುಕುಂ ಬರೆದ ಮೇಜು ಮಾತ್ರ ಈಸೂರಿಗೆ ಬರಲೇ ಇಲ್ಲ.

ದೂರದ ಆಸ್ಟ್ರೇಲಿಯಾದಲ್ಲೂ ಲೆಕ್ಕ ಹೀಗೆಯೇ ಇತ್ತು. 1878ರಲ್ಲಿ ನೆಡ್ ಕೆಲ್ಲಿ ಎಂಬ ಬಂಡುಕೋರನನ್ನೂ ಅವನ ಕಡೆಯವರನ್ನೂ ಹಿಡಿಯಲು ಕಾಡಿಗೆ ಹೋದ ಕೆನಡಿ, ಲೋನಿಗನ್, ಸ್ಕ್ಯಾನ್ಲನ್ ಎಂಬ ಮೂವರು ಪೊಲೀಸರು ಅವರ ಗುಂಡಿಗೆ ಬಲಿಯಾದರು. ಮೂವರೂ ಐರ್ಲೆಂಡಿನಲ್ಲಿ ಹುಟ್ಟಿದವರು. ಕೆಲ್ಲಿಯ ತಂದೆಯೂ ಅಲ್ಲಿಯವನೇ. 1880ರಲ್ಲಿ ಕೆಲ್ಲಿಗೆ ಗಲ್ಲಾಯಿತು. ಆಳುವವರು ಇಂಗ್ಲೆಂಡಿನ ರಾಣಿಯ ಹೆಸರಿನಲ್ಲಿ ಆಳುತ್ತಲೇ ಇದ್ದರು.

ಈಸೂರಿನ ಐವರನ್ನೂ ಆ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿರೆಂದು ನಾವು ಹೇಳುತ್ತಿಲ್ಲ. ಐವರು ಸ್ವಾತಂತ್ರ್ಯಕ್ಕಾಗಿ ಸತ್ತರು, ಇಬ್ಬರು ಹುಕುಂ ಪಾಲಿಸಲು ಹೋಗಿ ಸತ್ತರು. ಆದರೆ ಸಂಬಳಕ್ಕೆ ನಿಂತವನ ಮನೆಯಲ್ಲೂ ಆ ರಾತ್ರಿ ದೀಪ ಹಚ್ಚುವ ಕೈ ನಡುಗಿರಬೇಕು. ಅದನ್ನು ಮರೆತರೆ ನಮ್ಮ ನ್ಯಾಯ ಕುಂಟುತ್ತದೆ.

ನಾಳೆ ಕಾರ್ಖಾನೆಯ ಬಾಗಿಲಲ್ಲಿ ನಾವು ನಿಂತಾಗ ಎದುರಿಗೆ ಲಾಠಿ ಹಿಡಿದು ನಿಲ್ಲುವವನೂ ಯಾರೋ ರೈತನ ಮಗನೇ. ಅವನ ಮೈಮೇಲೆ ಕಲ್ಲು ಬೀಳಬಾರದು. ಬೀಳಬೇಕಾದದ್ದು ಅವನ ಹಿಂದಿನ ಮೇಜಿನ ಮುಂದೆ ನಮ್ಮ ಪ್ರಶ್ನೆ: ಇವನನ್ನು ಇಲ್ಲಿಗೆ ಕಳಿಸಿದವರು ಯಾರು? ಅವರು ಹೊರಗೆ ಬರಲಿ.