ಆಷಾಢದ ಪಾಠಶಾಲೆ

ಕೆಲಸಗಾರರನ್ನು ಬೆಳೆಸುವುದು, ಅವರಿಂದ ಹೊಸ ಉಪಾಯಗಳನ್ನು ಹೊರತರುವುದು ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ದೊಡ್ಡ ಕಾರ್ಖಾನೆಗಳು ಮತ್ತು ಅವುಗಳ ತರಬೇತಿ ಕೇಂದ್ರಗಳು. ನಾನು ಇಂದು ಹೇಳಬೇಕೆಂದಿರುವುದು ಅವುಗಳ ವಿಷಯವನ್ನಲ್ಲ. ಐದಾರು ಮಂದಿ ದುಡಿಯುವ, ಬಾಗಿಲಲ್ಲೇ ಕಾಗದದ ರೀಮುಗಳು ಪೇರಿಸಿದ್ದು ಒಬ್ಬರು ಹೊರಬಂದ ಮೇಲೆ ಮತ್ತೊಬ್ಬರು ಒಳಹೋಗಬೇಕಾದ ಸುಲ್ತಾನ್‌ಪೇಟೆಯ ಮುದ್ರಣಾಲಯಗಳನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. ಬೆಂಗಳೂರಿನ ಎಷ್ಟೋ ಮನೆಗಳ ಮದುವೆಯ ಕರೆಯೋಲೆ ಅಚ್ಚಾದದ್ದು ಈ ಬೀದಿಯಲ್ಲಿ ಎಂಬುದು ಶ್ರೋತೃಗಳಿಗೆ ತಿಳಿದ ಸಂಗತಿಯೇ ಆಗಿದೆ.

ಈ ಕಸುಬು ಈಗ ಇಕ್ಕಟ್ಟಿನಲ್ಲಿದೆ. ಕರೆಯೋಲೆ ಮೊಬೈಲಿನಲ್ಲಿ ಹೋಗುತ್ತದೆ. ದೇವರ ಮುಂದಿಡಲು, ಹಿರಿಯರ ಕೈಗೆ ಕೊಡಲು ಮಾತ್ರ ಅಚ್ಚಿನ ಪ್ರತಿ ಬೇಕು. ಸಾವಿರ ಹಾಕಿಸುತ್ತಿದ್ದವರು ಇನ್ನೂರಕ್ಕೆ ಇಳಿದಿದ್ದಾರೆ. ಇನ್ನೂರನ್ನೇ ನೂರು ಬಗೆಯಲ್ಲಿ ಸೊಗಸಾಗಿ ಮಾಡಿಕೊಡಬಲ್ಲ ಕೈಗಳು ಇದ್ದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಆ ಕೈಗಳನ್ನು ತಯಾರು ಮಾಡಲು ಮಾಲೀಕನ ಬಳಿ ಹಣವಿಲ್ಲ. ಹಾಗಿದ್ದರೆ ಏನಿದೆ?

ಮೊದಲನೆಯದಾಗಿ ಆಷಾಢವಿದೆ. ಆಷಾಢದಲ್ಲಿ ಮದುವೆಯಿಲ್ಲ; ಧನುರ್ಮಾಸದಲ್ಲಿಯೂ ಇಲ್ಲ. ವೈಶಾಖದಲ್ಲಿ ಊಟಕ್ಕೂ ಬಿಡುವಿಲ್ಲದ ಯಂತ್ರಗಳು ಆಗ ಬಟ್ಟೆ ಹೊದ್ದು ಮಲಗಿರುತ್ತವೆ. ಈ ದಿನಗಳಲ್ಲಿ ಕೆಲಸದವರನ್ನು ಊರಿಗೆ ಕಳುಹಿಸುವುದು ಹಲವರ ವಾಡಿಕೆ. ನಾನು ಬಲ್ಲ ಒಬ್ಬ ಮಾಲೀಕರು ಹಾಗೆ ಮಾಡದೆ, ಪ್ರತಿದಿನ ಎರಡು ಗಂಟೆಯ ಕಾಲ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿಯುವ ಏರ್ಪಾಡು ಮಾಡಿದರು. ಬಣ್ಣ ಹೊಂದಿಸುವಾಗ ಕೆಟ್ಟುಹೋದ ಹಾಳೆಗಳನ್ನು ರದ್ದಿಗೆ ಹಾಕದೆ ಈ ಪಾಠಕ್ಕೆಂದು ಕಟ್ಟಿಡುತ್ತಿದ್ದರು. ಗಮನಿಸಬೇಕಾದ ಅಂಶವೆಂದರೆ, ಆ ತಿಂಗಳ ಸಂಬಳವನ್ನು ಅವರು ಪೂರ್ತಿಯಾಗಿ ಕೊಟ್ಟರು. ಅಗ್ಗದ ಉಪಾಯವೆಂದರೆ ಕೂಲಿ ಕಡಿತವೆಂದು ಭಾವಿಸುವವರಿಗೆ ನನ್ನ ಮಾತಿನಿಂದ ಪ್ರಯೋಜನವಿಲ್ಲ; ಅರೆಹೊಟ್ಟೆಯವನಿಗೆ ಪಾಠ ಹತ್ತುವುದಿಲ್ಲ.

ಹೀಗೆ ಕಲಿತದ್ದರ ಫಲ ಎಂಥದೆಂದು ಒಂದು ಉದಾಹರಣೆ ಕೊಡುತ್ತೇನೆ. ಬಟ್ಟೆಗಿರುವಂತೆ ಕಾಗದಕ್ಕೂ ಎಳೆಯ ದಿಕ್ಕು ಉಂಟು. ಎಳೆಯ ಜೊತೆಯಲ್ಲಿ ಮಡಿಸಿದರೆ ದಪ್ಪ ಕಾಗದವೂ ನಯವಾಗಿ ಮಡಿಯುತ್ತದೆ. ಅಡ್ಡಲಾಗಿ ಮಡಿಸಿದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಬಣ್ಣ ಉದುರುತ್ತದೆ. ಇದು ಮಡಿಸಿ ಅಂಟಿಸುವವನಿಗೆ ಬೆರಳಿನಿಂದಲೇ ಗೊತ್ತು. ಕಂಪ್ಯೂಟರಿನ ಮುಂದೆ ವಿನ್ಯಾಸ ಮಾಡುವ ಯುವಕನಿಗೆ ಗೊತ್ತಿಲ್ಲ, ಪರದೆಯ ಮೇಲೆ ಕಾಗದಕ್ಕೆ ಎಳೆಯೇ ಇರುವುದಿಲ್ಲವಷ್ಟೆ. ಎರಡು ದಿನ ಅವನು ಮಡಿಸುವವನ ಪಕ್ಕದಲ್ಲಿ ಕುಳಿತ ಮೇಲೆ, ಹಾಳೆಯಲ್ಲಿ ಕಾರ್ಡುಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿದ.

ಅದೇ ಅಂಗಡಿಯಲ್ಲಿ ಕಾರ್ಡುಗಳನ್ನು ಎಣಿಸಿ ಕಟ್ಟುವ ಹುಡುಗನೊಬ್ಬನಿದ್ದ. ಹೊಳಪಿನ ಲೇಪವಿರುವ ಕಾರ್ಡಿನ ಮೂಲೆಗಳಿಗೆ ಅರಿಶಿನ ಹಚ್ಚಿದರೆ ನಿಲ್ಲುವುದಿಲ್ಲವೆಂದು ಹೆಂಗಸರು ಗೊಣಗುವುದನ್ನು ದಿನವೂ ಕೇಳುತ್ತಿದ್ದವನು ಅವನೊಬ್ಬನೇ. ನಾಲ್ಕು ಮೂಲೆಗಳನ್ನು ಬಿಟ್ಟು ಲೇಪ ಹಾಕಬಾರದೇ ಎಂದು ಅಳುಕುತ್ತಲೇ ಕೇಳಿದ. ಹೊಸ ಯಂತ್ರ ಬೇಕಾಗಲಿಲ್ಲ; ಲೇಪದ ಪ್ಲೇಟಿನಲ್ಲಿ ಅಷ್ಟು ಜಾಗ ಖಾಲಿ ಬಿಟ್ಟರಾಯಿತು. ಮಾಲೀಕರು ಅಂದು ಸಂಜೆಯೇ ಕೆಟ್ಟ ಹಾಳೆಗಳ ಮೇಲೆ ಪರೀಕ್ಷಿಸಿದರು. ಅದಕ್ಕಿಂತ ಮಿಗಿಲಾಗಿ, ಮರುದಿನ ಬಂದ ಗಿರಾಕಿಗೆ “ಇದು ನಮ್ಮ ಹುಡುಗನ ಯೋಚನೆ” ಎಂದು ಅವನನ್ನು ಕರೆದು ತೋರಿಸಿದರು.

ಈ ವಿದ್ಯೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ ಹಡಗು ಕಟ್ಟುತ್ತಿದ್ದ ವಿಲಿಯಂ ಡೆನ್ನಿಯವರು 1880ರಲ್ಲಿಯೇ ಕೆಲಸಗಾರರ ಸೂಚನೆಗಳಿಗೆ ಬಹುಮಾನ ಗೊತ್ತುಪಡಿಸಿದ್ದರು. 1898ರಲ್ಲಿ ಅಮೆರಿಕದ ಕೊಡಾಕ್ ಸಂಸ್ಥೆಯಲ್ಲಿ ಒಬ್ಬ ಕೆಲಸಗಾರ ಎರಡು ಡಾಲರ್ ಬಹುಮಾನ ಪಡೆದದ್ದು ಯಾವ ಮಹತ್ತರ ಸಲಹೆಗೆ ಎನ್ನುತ್ತೀರಿ? ಬೆಳಕು ಬರುವಂತೆ ಕಿಟಕಿಗಳನ್ನು ತೊಳೆಯಿರಿ ಎಂದದ್ದಕ್ಕೆ! ಜಪಾನಿನ ಟೊಯೋಟಾದವರು ಅಮೆರಿಕದ ಫೋರ್ಡ್ ಕಾರ್ಖಾನೆಯನ್ನು ನೋಡಿಬಂದು 1951ರಲ್ಲಿ ಇಂಥದೇ ಪದ್ಧತಿಯನ್ನು ತಂದರು. ನಮ್ಮ ದೇಶದಲ್ಲಿ 1980ರಲ್ಲಿ ಹೈದರಾಬಾದಿನ ಬಿ.ಎಚ್.ಇ.ಎಲ್. ಕಾರ್ಖಾನೆಯಲ್ಲಿ ಗುಣಮಟ್ಟದ ವೃತ್ತಗಳು ಆರಂಭವಾದವು. ಒಂದೇ ಕೆಲಸದ ಕೆಲವರು ಸೇರಿ ತಮ್ಮ ತೊಡಕುಗಳನ್ನು ತಾವೇ ಚರ್ಚಿಸುವುದು ಅದರ ಸ್ವರೂಪ. ಸಲಹಾ ಪೆಟ್ಟಿಗೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬೀಗ ಹಾಕಿದ ಪೆಟ್ಟಿಗೆಗಳ ಬೀಗದ ಕೈ ಕಳೆದುಹೋದದ್ದನ್ನು ಕಚೇರಿಗಳಲ್ಲಿ ಕಂಡಿದ್ದೇನೆ. ಐದು ಜನರಿರುವ ಕಡೆ ಪೆಟ್ಟಿಗೆ ಏಕೆ? ಕೇಳುವ ಕಿವಿಯೂ ಬೇಗನೆ ಬರುವ ಉತ್ತರವೂ ಇದ್ದರಾಯಿತು. ಆಗುವುದಿಲ್ಲ ಎಂಬ ಉತ್ತರವೂ ಉತ್ತರವೇ, ಕಾರಣವನ್ನು ಹೇಳಿದರೆ.

ಸಾಹಿತ್ಯಾಸಕ್ತರಿಗೆ ಇನ್ನೊಂದು ಮಾತು. ಹಿಂದೆ ಅಚ್ಚುಮೊಳೆ ಜೋಡಿಸುತ್ತಿದ್ದವರು ನೂರಾರು ಗೂಡುಗಳಿಂದ ಅಕ್ಷರವನ್ನೂ ಒತ್ತಕ್ಷರವನ್ನೂ ಆರಿಸುತ್ತ, ತಿರುಗುಮುರುಗಾಗಿ ಓದುತ್ತ, ಶಾಲೆ ಹೆಚ್ಚು ಕಾಣದೆಯೂ ಕನ್ನಡದ ಕಾಗುಣಿತವನ್ನು ಕರತಲಾಮಲಕ ಮಾಡಿಕೊಂಡಿದ್ದರು. ಇಂದು ಕಾರ್ಡುಗಳಲ್ಲಿ ‘ಆಶೀರ್ವಾದ’ ಎಂಬುದು ‘ಆರ್ಶೀವಾದ’ವಾಗಿ ನಗುತ್ತದೆ. ಸುಲ್ತಾನ್‌ಪೇಟೆಯಿಂದ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿಗೆ ನಡೆದೇ ಹೋಗಬಹುದು. ಅಲ್ಲಿಂದ ಒಂದು ಸಂಕ್ಷಿಪ್ತ ನಿಘಂಟನ್ನು ತಂದು ಕಂಪ್ಯೂಟರಿನ ಪಕ್ಕದಲ್ಲಿಟ್ಟರೆ ಆಗುವ ಖರ್ಚು, ತಪ್ಪಾದ ಇನ್ನೂರು ಕಾರ್ಡುಗಳನ್ನು ಮತ್ತೆ ಅಚ್ಚು ಹಾಕುವ ಖರ್ಚಿಗೆ ಹೋಲಿಸಿದರೆ ಏನೇನೂ ಅಲ್ಲ.

ಇಷ್ಟೆಲ್ಲ ಹೇಳಿದರೆ ಮಾಲೀಕರು ಕೇಳುವ ಪ್ರಶ್ನೆ ಒಂದೇ: “ಸ್ವಾಮಿ, ಕಲಿಸಿದ ಮೇಲೆ ಅವನು ಪಕ್ಕದ ಅಂಗಡಿಗೆ ಹೋದರೆ?” ಈ ಭಯ ಸುಳ್ಳಲ್ಲ. ಈ ಬೀದಿಯಲ್ಲಿ ಪಕ್ಕದ ಅಂಗಡಿಯೆಂದರೆ ನಿಜವಾಗಿಯೂ ಹತ್ತು ಹೆಜ್ಜೆ. ಕೆಲವರು ಹೋಗುತ್ತಾರೆ, ಹೋಗಿದ್ದಾರೆ. ಆದರೆ ನಾನು ಹೇಳಿದ ಆ ಹುಡುಗನಿಗೆ ಕಳೆದ ವರ್ಷ ಹೆಚ್ಚಿನ ಸಂಬಳದ ಕರೆ ಬಂದಿತ್ತು. ಅವನು ಅದನ್ನು ಮುಚ್ಚಿಡದೆ ಮಾಲೀಕರಿಗೇ ತಿಳಿಸಿದ. ಅವರು ಸ್ವಲ್ಪ ಯೋಚಿಸಿ, ಅಷ್ಟನ್ನು ಕೊಡಲಾರೆ, ಅರ್ಧದಷ್ಟು ಏರಿಸುತ್ತೇನೆ, ಈ ಆಷಾಢದಿಂದ ಆಫ್‌ಸೆಟ್ ಯಂತ್ರವನ್ನು ನಿನ್ನ ಕೈಗೆ ಕೊಡುತ್ತೇನೆ ಎಂದರು. ಅವನು ಈಗ ಆ ಯಂತ್ರದ ಮುಂದೆ ನಿಂತಿದ್ದಾನೆ. ಕಾರ್ಡು ಎಣಿಸುವ ಕೆಲಸಕ್ಕೆ ಅವನ ಊರಿನ ಇನ್ನೊಬ್ಬ ಹುಡುಗ ಬಂದಿದ್ದಾನೆ.